ಕನ್ನಡದ ಪುಟಗಳನ್ನು ಮೊದಲೇ ಕುಗ್ಗಿಸಿಡುವುದು

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರಗಳನ್ನು ಕನ್ನಡದಲ್ಲಿ ತೋರಿಸುವ ಸಣ್ಣ ಜಾಲತಾಣವೊಂದನ್ನು ನಾನು ಹುಬ್ಬಳ್ಳಿಯಿಂದ ನೋಡಿಕೊಳ್ಳುತ್ತೇನೆ. ಟೆಂಡರ್ ದರ ಬಂದ ಕೂಡಲೇ ಹಾವೇರಿ, ಗದಗ ಕಡೆಯ ರೈತರು ಒಟ್ಟಿಗೇ ಪುಟ ತೆರೆಯುತ್ತಾರೆ. ಅವರಲ್ಲಿ ಅನೇಕರ ಊರಿನಲ್ಲಿ ನೆಟ್‌ವರ್ಕ್ ದುರ್ಬಲ. ಹೀಗಾಗಿ ಪುಟದ ತೂಕ ಇಳಿಸುವುದು ನನಗೆ ಮುಖ್ಯ ಕೆಲಸ.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ ಮೂರು ಬೈಟ್ ಬೇಕು. ‘ಬ್ಯಾಡಗಿ’ ಎಂಬ ಒಂದು ಪದಕ್ಕೆ 21 ಬೈಟ್. ಆದರೆ ಆ ಮೂರರಲ್ಲಿ ಮೊದಲನೆಯ ಬೈಟ್ ಸದಾ ಒಂದೇ, ಎರಡನೆಯದು ಎರಡೇ ಬಗೆಯದು. ಇಷ್ಟು ಪುನರಾವರ್ತನೆ ಇರುವುದರಿಂದಲೇ ಫೈಲ್ ಕುಗ್ಗಿಸುವ ವಿಧಾನಗಳಾದ ಜಿಜಿಪ್ ಆಗಲಿ, 2016ರಲ್ಲಿ ಆರ್‌ಎಫ್‌ಸಿ 7932 ಎಂಬ ಅಂತರಜಾಲದ ತಾಂತ್ರಿಕ ದಾಖಲೆಯಾಗಿ ಪ್ರಕಟವಾದ ಬ್ರಾಟ್ಲಿ ಆಗಲಿ ಕನ್ನಡ ಪಠ್ಯವನ್ನು ಚೆನ್ನಾಗಿ ಕುಗ್ಗಿಸುತ್ತವೆ. ಬ್ರಾಟ್ಲಿಯೊಳಗಿನ ಸಿದ್ಧ ಪದಕೋಶದಲ್ಲಿ ಹಿಂದಿಯ ಪದಗಳಿವೆ, ಕನ್ನಡದವು ಇಲ್ಲ ಎಂಬುದು ನನಗೆ ಬೇಸರದ ಸಂಗತಿ. ಆದರೂ ಲಾಭ ದೊಡ್ಡದೇ.

ಬ್ರಾಟ್ಲಿಯ 11ನೆಯ ಮಟ್ಟ ಅತ್ಯಂತ ಚಿಕ್ಕ ಫೈಲ್ ಕೊಡುತ್ತದೆಯಾದರೂ ಬಹಳ ನಿಧಾನ, ಆದ್ದರಿಂದ ಪ್ರತಿ ಕೋರಿಕೆಗೂ ಅದನ್ನು ಹೊಸದಾಗಿ ನಡೆಸಿದರೆ ಸರ್ವರ್ ಬಳಲುತ್ತದೆ. ದರ ಬದಲಾದಾಗ ಒಮ್ಮೆ ಕುಗ್ಗಿಸಿ, ಜಿಜಿಪ್ ಮತ್ತು ಬ್ರಾಟ್ಲಿ ಪ್ರತಿಗಳನ್ನು ಮೂಲ ಫೈಲಿನ ಪಕ್ಕದಲ್ಲೇ ಇಟ್ಟರೆ, ಬ್ರೌಸರ್ ಒಪ್ಪುವ ಪ್ರತಿಯನ್ನು ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶ ನೇರವಾಗಿ ಎತ್ತಿ ಕೊಡುತ್ತದೆ. ಜಿಜಿಪ್‌ಗೆ ಇದನ್ನು ಮಾಡುವ ‘ಜಿಜಿಪ್_ಸ್ಟ್ಯಾಟಿಕ್’ ಎಂಜಿನ್‌ಎಕ್ಸ್‌ನ ಸ್ವಂತ ಮಾಡ್ಯೂಲ್. ಬ್ರಾಟ್ಲಿಯದನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಉತ್ತರದೊಂದಿಗೆ, ಬ್ರೌಸರ್ ಒಪ್ಪುವ ಕುಗ್ಗಿಸುವ ವಿಧಾನಕ್ಕೆ ತಕ್ಕಂತೆ ಪ್ರತಿ ಬೇರೆಯಾಗುತ್ತದೆ ಎಂದು ತಿಳಿಸುವ ‘ವೇರಿ: ಆಕ್ಸೆಪ್ಟ್-ಎನ್‌ಕೋಡಿಂಗ್’ ಹೆಡರ್ ಹೋಗಲೇಬೇಕು. ಇಲ್ಲದಿದ್ದರೆ ಸರ್ವರಿಗೂ ಫೋನಿಗೂ ನಡುವೆ ಪ್ರತಿಗಳನ್ನು ಉಳಿಸಿಡುವ ಕ್ಯಾಶ್ ಒಬ್ಬರಿಗಾಗಿ ಉಳಿಸಿಕೊಂಡ ಬ್ರಾಟ್ಲಿ ಪ್ರತಿಯನ್ನು, ಅದನ್ನು ಬಿಚ್ಚಲಾರದ ಹಳೆಯ ಫೋನಿಗೂ ಕೊಟ್ಟುಬಿಡಬಹುದು.

ಚಿತ್ರಗಳಿಗೂ ವಾಫ್2 ಫಾಂಟಿಗೂ ಇದು ಬೇಡ. ಅವು ಮೊದಲೇ ಕುಗ್ಗಿದವು. ಫಾಂಟ್, ಶೈಲಿ ಫೈಲುಗಳ ಹೆಸರಿನಲ್ಲೇ ಆವೃತ್ತಿಯ ಗುರುತು ಸೇರಿಸಿ 31536000 ಸೆಕೆಂಡು, ಅಂದರೆ ಒಂದು ವರ್ಷ, ಫೋನಿನಲ್ಲೇ ಉಳಿಯುವಂತೆ ಹೇಳಿದ್ದೇನೆ. ದರದ ಪುಟಕ್ಕೆ ಮಾತ್ರ ‘ನೋ-ಕ್ಯಾಶ್’: ಫೋನ್ ಪ್ರತಿಯನ್ನು ಇಟ್ಟುಕೊಳ್ಳಬಹುದು, ಆದರೆ ತೋರಿಸುವ ಮೊದಲು ಸರ್ವರನ್ನು ಕೇಳಬೇಕು, ಬದಲಾವಣೆ ಇಲ್ಲದಿದ್ದರೆ 304 ಎಂಬ ಚಿಕ್ಕ ಉತ್ತರ ಸಾಕು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಪ್ರತಿಗಳು ಒಟ್ಟಿಗೆ ಬದಲಾಗುವ ವಿಷಯದಲ್ಲಿ. ಮೂಲ ಪುಟ ಹೊಸದಾಗಿ, ಪಕ್ಕದ ಕುಗ್ಗಿಸಿದ ಪ್ರತಿ ಹಳೆಯದಾಗಿಯೇ ಉಳಿದರೆ, ರೈತನಿಗೆ ಹಿಂದಿನ ಟೆಂಡರಿನ ದರ ಕಾಣುತ್ತದೆ. ಅದಕ್ಕಾಗಿ ಮೂರನ್ನೂ ತಾತ್ಕಾಲಿಕ ಹೆಸರಿನಲ್ಲಿ ಪೂರ್ಣವಾಗಿ ಬರೆದು, ಅವು ಸರಿಯಾಗಿ ಬಿಚ್ಚುತ್ತವೆಯೇ ಎಂದು ಪರೀಕ್ಷಿಸಿ, ಕೊನೆಗೆ ಒಂದರ ಹಿಂದೆ ಒಂದರಂತೆ ಹೆಸರು ಬದಲಿಸುತ್ತೇನೆ.