ಮಿಕ್ಕಿದ ಒಂದು ವಾಷರ್

ನನ್ನ ಮೊದಲ ಕಾರು ನನಗಿಂತ ಎರಡು ವರ್ಷ ದೊಡ್ಡದು. ಚಿಕ್ಕಪ್ಪ ಅದನ್ನು ಹದಿನೆಂಟು ವರ್ಷ ಓಡಿಸಿ, ಕೊನೆಗೊಂದು ದಿನ ಕೀ ನನ್ನ ಕೈಗಿಟ್ಟು, "ತಗೊಂಡು ಹೋಗು. ಆದ್ರೆ ಕೆಟ್ಟಾಗ ಬೈಬೇಡ, ಅದು ಕೇಳಿಸ್ಕೊಳ್ಳುತ್ತೆ" ಅಂದಿದ್ದರು.

ಬೆಳಿಗ್ಗೆ ಅದನ್ನು ಎಬ್ಬಿಸೋದೇ ಒಂದು ಕೆಲಸ. ಪೆಟ್ರೋಲ್ ಜಾಸ್ತಿ ಹೋಗಲಿ ಅಂತ ಚೋಕ್ ಗುಂಡಿಯನ್ನು ಪೂರ್ತಿ ಎಳೆಯಬೇಕು, ಸೆಲ್ಫ್ ಸ್ಟಾರ್ಟರ್ ಹೊಡೆಯಬೇಕು, ಹಿಡಿದುಕೊಂಡ ಮೇಲೆ ಆಕ್ಸಿಲರೇಟರ್ ಮೇಲೆ ಕಾಲನ್ನು ಇಟ್ಟೂ ಇಡದ ಹಾಗೆ ಇಡಬೇಕು. ಎಂಜಿನ್ ಬಿಸಿಯಾಗುತ್ತಾ ಬಂದ ಹಾಗೆ ಚೋಕ್ ಒಳಗೆ ತಳ್ಳುತ್ತಾ ಬರಬೇಕು. ನಮ್ಮ ಕಾರಿನ ಚೋಕ್ ಕೇಬಲ್‌ಗೆ ಒಂದು ಚಾಳಿ ಇತ್ತು. ಇನ್ನೊಂದು ಬೆರಳಿನಷ್ಟು ಬಾಕಿ ಇರುವಾಗ ಸಿಕ್ಕಿಕೊಳ್ಳೋದು. ಅಂಗೈಯಿಂದ ಒಂದು ಏಟು ಕೊಟ್ಟರೆ ಮಾತ್ರ ಪೂರ್ತಿ ಒಳಗೆ ಹೋಗೋದು. ಮರೆತರೆ ಪೆಟ್ರೋಲ್ ಜಾಸ್ತಿಯಾಗಿ ಎಂಜಿನ್ ಕುಂಟುತ್ತಿತ್ತು, ಹಿಂದಿನಿಂದ ಕರಿ ಹೊಗೆ.

ಬ್ಯಾಟರಿ ಕೈಕೊಟ್ಟರೆ ಕಾರಿನ ಮುಂಭಾಗಕ್ಕೆ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಆಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು, ಹ್ಯಾಂಡಲ್ ಸುತ್ತ ಬಳಸಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಮೂಳೆ ಮುರಿಯುತ್ತೆ. ಚಿಕ್ಕಪ್ಪ ನನಗೆ ಕಲಿಸಿದ ಮೊದಲ ಪಾಠ ಇದೇ. ಓಡಿಸೋದು ಕಲಿತಿದ್ದು ಆಮೇಲೆ.

ಆ ಭಾನುವಾರದ ಕತೆಗೆ ಬರುತ್ತೇನೆ. ಕಾರು ಎಳೆತ ಕಡಿಮೆ ಮಾಡಿತ್ತು, ಏರಿನಲ್ಲಿ ಮುಗ್ಗರಿಸುತ್ತಿತ್ತು. ಪ್ಲಗ್‌ಗಳಿಗೆ ಸರದಿಯಂತೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆದು ನೋಡಿದೆ. ಒಳಗಿನ ಪಾಯಿಂಟ್, ಅಂದರೆ ತೆರೆದು ಮುಚ್ಚುವ ಪುಟ್ಟ ಸ್ವಿಚ್, ಸುಟ್ಟಿತ್ತು. ಒಂದು ಮೈಗೆ ಸಣ್ಣ ಗುಳಿ, ಎದುರಿನ ಮೈಗೆ ಅದಕ್ಕೆ ಸರಿಯಾಗಿ ಒಂದು ಮೊಡವೆ. ಅಲ್ಲಿವರೆಗೆ ಎಮರಿ ಪೇಪರ್‌ನಲ್ಲಿ ಉಜ್ಜಿ ದಿನ ತಳ್ಳಿದ್ದೆ. ಇನ್ನು ಹೊಸದು ಹಾಕಲೇಬೇಕು.

ಈ ಪಾಯಿಂಟ್ ಪಾಪದ್ದು. ಅದು ಮುಚ್ಚಿರುವಾಗ ಕಾಯಿಲ್ ಅನ್ನೋ ತಂತಿ ಸುರುಳಿಗೆ ಕರೆಂಟ್ ಹರಿಯುತ್ತೆ, ತೆರೆದ ಕ್ಷಣ ನಿಲ್ಲುತ್ತೆ. ಹಾಗೆ ಥಟ್ಟನೆ ನಿಂತಾಗಲೇ 12 ವೋಲ್ಟ್‌ನ ಕಾಯಿಲ್‌ನಿಂದ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರೋದು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಪಾಯಿಂಟ್ 6,000 ಸಲ ತೆರೆದು ಮುಚ್ಚಬೇಕು. ಅಂದರೆ ಸೆಕೆಂಡಿಗೆ ನೂರು ಸಲ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ತಂದ ಚಾರ್ಲ್ಸ್ ಕೆಟರಿಂಗ್ ಅವರೇ ಇದನ್ನೂ ರೂಪಿಸಿದವರು. ನನ್ನ ಕಾಲದವರೆಗೂ ಅದೇ ಏರ್ಪಾಡು ನಡೆದುಕೊಂಡು ಬಂದಿತ್ತು.

ಹೊಸ ಪಾಯಿಂಟ್ ಕೂರಿಸಿದೆ. ಸಂದಿ ಅಳೆಯುವ ತೆಳು ಲೋಹದ ಎಲೆಗಳ ಫೀಲರ್ ಗೇಜ್ ಹಿಡಿದು 0.4 ಮಿಲಿಮೀಟರ್ ಗ್ಯಾಪ್ ಇಟ್ಟೆ. ಗೇಜ್‌ನ ಎಲೆ ಸಡಿಲವೂ ಅಲ್ಲ, ಬಿಗಿಯೂ ಅಲ್ಲ, ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಬರಬೇಕು. ಬಂತು. ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಹಾಸಿದ್ದ ಪೇಪರ್ ಮೇಲೆ ಕಂದು ಬಣ್ಣದ ಒಂದು ಪುಟ್ಟ ಫೈಬರ್ ವಾಷರ್ ಮಿಕ್ಕಿತ್ತು. ಎಕ್ಸ್‌ಟ್ರಾ ಕೊಟ್ಟಿರಬೇಕು, ಒಳ್ಳೆಯವರು ಅಂದುಕೊಂಡು ಜೇಬಿಗೆ ಹಾಕಿದೆ.

ಸೆಲ್ಫ್ ಹೊಡೆದೆ. ಎಂಜಿನ್ ಸುತ್ತಿತು, ಹಿಡಿಯಲಿಲ್ಲ. ಮತ್ತೆ ಹೊಡೆದೆ. ಊಹೂಂ.

ಅಲ್ಲಿಂದ ಶುರುವಾಯಿತು ನನ್ನ ತನಿಖೆ. ಪೆಟ್ರೋಲ್ ಬರ್ತಿದೆಯಾ ಅಂತ ಪಂಪಿನ ಪೈಪ್ ಬಿಚ್ಚಿದೆ. ಬರುತ್ತಿತ್ತು, ನನ್ನ ಅಂಗಿ ಮೇಲೂ ಬಂತು. ಕಾರ್ಬುರೇಟರ್ ಜೆಟ್ ಬಿಚ್ಚಿ ಊದಿದೆ. ನಾಲ್ಕೂ ಪ್ಲಗ್ ತೆಗೆದು ಒರೆಸಿದೆ. ಒಂದು ಪ್ಲಗ್ಗನ್ನು ಎಂಜಿನ್‌ಗೆ ತಾಗಿಸಿಟ್ಟು ಸುತ್ತಿಸಿದರೆ ಕಿಡಿಯ ಸುಳಿವೇ ಇಲ್ಲ. ಕಾಯಿಲ್ ಮುಟ್ಟಿದೆ. ಕೈ ಇಡೋಕೆ ಆಗದಷ್ಟು ಬಿಸಿ! ಸಿಕ್ಕಿಬಿದ್ದ ಕಳ್ಳ ಅಂತ ಕುಣಿದೆ. ಡಿಕ್ಕಿಯಲ್ಲಿದ್ದ ಹಳೇ ಕಾಯಿಲ್ ತಂದು ಹಾಕಿದೆ. ಅರ್ಧ ಗಂಟೆಯಲ್ಲಿ ಅದೂ ಬಿಸಿಯಾಯಿತು. ಎರಡೆರಡು ಕಾಯಿಲ್ ಒಟ್ಟಿಗೆ ಹೇಗೆ ಕೆಡುತ್ತೆ ಅನ್ನೋ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಹಸಿವಾದ ತಲೆಗೆ ಅದೆಲ್ಲ ಹೊಳೆಯಲ್ಲ.

ಸಂಜೆ ಹೊತ್ತಿಗೆ ಸೋತು ಚಿಕ್ಕಪ್ಪನಿಗೆ ಹೇಳಿ ಕಳಿಸಿದೆ. ಬಂದವರು ಬಾನೆಟ್ ಕಡೆ ನೋಡಲೂ ಇಲ್ಲ.

"ನಿನ್ನೆ ಓಡಿತ್ತಾ?"

"ಓಡಿತ್ತು ಚಿಕ್ಕಪ್ಪ."

"ಇವತ್ತು ಮೊದಲು ಕೈ ಹಾಕಿದ್ದು ಎಲ್ಲಿಗೆ?"

"ಪಾಯಿಂಟ್‌ಗೆ."

"ಮತ್ತೆ ಪೆಟ್ರೋಲ್ ಪೈಪ್ ಯಾಕೋ ಬಿಚ್ಚಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಒಂದು ಸಣ್ಣ ಬಲ್ಬಿಗೆ ಎರಡು ವೈರ್ ಕಟ್ಟಿದರು. ಒಂದು ತುದಿ ಡಿಸ್ಟ್ರಿಬ್ಯೂಟರ್ ಕಡೆಗಿನ ಕಾಯಿಲ್ ಟರ್ಮಿನಲ್‌ಗೆ, ಇನ್ನೊಂದು ಕಾರಿನ ಬಾಡಿಯ ಲೋಹಕ್ಕೆ. ಕೀ ಆನ್ ಮಾಡಿ ಎಂಜಿನ್ ತಿರುಗಿಸಿದರೆ ಪಾಯಿಂಟ್ ತೆರೆದಾಗ ಬಲ್ಬ್ ಹತ್ತಬೇಕು, ಮುಚ್ಚಿದಾಗ ಆರಬೇಕು. ಅದು ಹತ್ತಲೇ ಇಲ್ಲ. ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವೈರನ್ನು ಟರ್ಮಿನಲ್‌ನಿಂದ ಕಳಚಿದರು. ಬಲ್ಬ್ ಫಕ್ಕನೆ ಹತ್ತಿತು.

"ಒಳಗೆ ಎಲ್ಲೋ ವೈರ್ ಬಾಡಿಯ ಲೋಹಕ್ಕೆ ತಾಗ್ತಿದೆ. ಪಾಯಿಂಟ್ ತೆರೆದ್ರೂ ಒಂದೇ, ಮುಚ್ಚಿದ್ರೂ ಒಂದೇ. ಕರೆಂಟ್ ನಿಲ್ಲೋದೇ ಇಲ್ಲ. ಕಾಯಿಲ್ ಬಿಸಿ ಆಗದೆ ಇನ್ನೇನಾಗುತ್ತೆ?" ಅಂದರು. ಆಮೇಲೆ ನನ್ನ ಮುಖ ನೋಡಿ, "ಏನಾದ್ರೂ ಮಿಕ್ಕಿತ್ತಾ?"

ನಾನು ಮಾತಾಡದೆ ಜೇಬಿಗೆ ಕೈ ಹಾಕಿದೆ.

ಪಾಯಿಂಟಿನ ಸ್ಪ್ರಿಂಗ್ ಕೂರುವ ಕಂಬದಲ್ಲಿ, ವೈರಿನ ತುದಿ ಲೋಹಕ್ಕೆ ತಾಗದಿರಲಿ ಅಂತ ಹಾಕುವ ವಾಷರ್ ಅದು. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ, ಸ್ಕ್ರೂಡ್ರೈವರ್ ತುದಿಗೆ ಚೂರು ಗ್ರೀಸ್ ಹಚ್ಚಿ, ವಾಷರನ್ನು ಅದಕ್ಕೆ ಅಂಟಿಸಿ ಒಳಗಿಳಿಸಿದರು. ಬೆರಳಲ್ಲಿ ಹಿಡಿದರೆ ಜಾರಿ ಡಿಸ್ಟ್ರಿಬ್ಯೂಟರ್ ಹೊಟ್ಟೆಗೆ ಬೀಳುತ್ತೆ, ಆಮೇಲೆ ರಾತ್ರಿಯೆಲ್ಲ ಹುಡುಕಬೇಕು. ಐದು ನಿಮಿಷದಲ್ಲಿ ನಟ್ ಬಿಗಿದು ಕ್ಯಾಪ್ ಮುಚ್ಚಿದರು. ಅರ್ಧ ಸುತ್ತಿಗೇ ಎಂಜಿನ್ ಹಿಡಿಯಿತು. ನಾನು ಆಫ್ ಮಾಡಲು ಕೈ ಹಾಕಿದರೆ ಅವರು ಬಿಡಲಿಲ್ಲ. ಬಾನೆಟ್ ಮೇಲೆ ಮೊಣಕೈ ಊರಿ ಸುಮ್ನೆ ಕೇಳುತ್ತಾ ನಿಂತರು.

ಆ ಕಾರನ್ನು ಇನ್ನೂ ಆರು ವರ್ಷ ಇಟ್ಟುಕೊಂಡಿದ್ದೆ. ಆಮೇಲೆ ಕ್ಲಚ್ ಪ್ಲೇಟ್, ರೇಡಿಯೇಟರ್, ಎರಡು ಸಲ ಹೆಡ್ ಗ್ಯಾಸ್ಕೆಟ್. ಎಲ್ಲವನ್ನೂ ಬರೆದರೆ ನಿಮಗೆ ಬೇಜಾರಾಗುತ್ತೆ, ನನಗಾಗಲ್ಲ. ಈಗಿನ ನನ್ನ ಕಾರು ಒಳ್ಳೆಯದು, ಬಾನೆಟ್ ತೆರೆದರೆ ಕಾಣೋದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅದಕ್ಕೂ ನನಗೂ ಜಗಳ ಇಲ್ಲ, ಹಾಗಂತ ಸಲಿಗೆಯೂ ಇಲ್ಲ.

ಹಳೇ ಕಾರು ಕೊಂಡ ಹುಡುಗ ಮೂರು ತಿಂಗಳ ನಂತರ ಫೋನ್ ಮಾಡಿದ್ದ. "ಸರ್, ಗಾಡಿ ಒಂಥರಾ ಮಾಡ್ತಿದೆ, ಕೇಳಿ" ಅಂತ ಫೋನನ್ನು ಎಂಜಿನ್ ಹತ್ತಿರ ಹಿಡಿದ. ಕುಂಟುತ್ತಿತ್ತು.

"ಹಿಂದೆ ಕರಿ ಹೊಗೆ ಬರ್ತಿದೆಯಾ?"

"ಹೌದು ಸರ್!"

"ಚೋಕ್‌ಗೆ ಅಂಗೈಯಿಂದ ಒಂದು ಏಟು ಕೊಡಪ್ಪ."

ಟಪ್ ಅಂತ ಕೇಳಿಸಿತು. ಒಂದೆರಡು ಸಲ ಕೆಮ್ಮಿ ಎಂಜಿನ್ ಸಮವಾಯಿತು. ಅವನು ಥ್ಯಾಂಕ್ಸ್ ಹೇಳಿ ಫೋನ್ ಇಡಲು ಹೊರಟಿದ್ದ.

"ಇರಪ್ಪ, ಇನ್ನೊಂದ್ ಸ್ವಲ್ಪ ಹೊತ್ತು ಅಲ್ಲೇ ಹಿಡಿದುಕೋ" ಅಂದೆ.