ಚಪಡನ ಕೊನೆಯ ಪದ

ಮ್ಯಾಂಚೆಸ್ಟರ್‌ನ ಒಂದು ಶಾಲೆಯಲ್ಲಿ ಹನ್ನೆರಡು ವರ್ಷದ ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ನನ್ನೂರು ಚಿತ್ರದುರ್ಗ. ನಮ್ಮ ಪಠ್ಯದಲ್ಲಿ ಒಂದೊಂದು ಧರ್ಮಕ್ಕೆ ಒಂದೊಂದು ಪಾಠ. ಒಬ್ಬರ ಮನೆ ಬಾಗಿಲನ್ನು ಇನ್ನೊಬ್ಬರು ಯಾವತ್ತೂ ತಟ್ಟಲೇ ಇಲ್ಲ ಅನ್ನೋ ಹಾಗೆ. ನನಗೆ ಅದು ಸರಿ ಕಾಣಲಿಲ್ಲ. ಈ ವರ್ಷ ಆರು ವಾರ ನಮ್ಮ ಸೀಮೆಯನ್ನೇ ಮುಂದಿಟ್ಟುಕೊಂಡು ಪ್ರಪಂಚದ ಇತಿಹಾಸ ಹೇಳಿದೆ.

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಿಂದ ಶುರು ಮಾಡಿದೆ. ಅಲ್ಲಿ ರೋಮ್‌ನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಯೇಸುವನ್ನು ಶಿಲುಬೆಗೇರಿಸಿದಾಗ ಆಳುತ್ತಿದ್ದವನು ಇದೇ ಟೈಬೀರಿಯಸ್. "ಆ ಕಾಲದ ದುಡ್ಡು ನಿಮ್ಮೂರಿಗೆ ಬಂದಿತ್ತಾ?" ಅಂತ ಒಬ್ಬ ಹುಡುಗಿ ಎದ್ದು ನಿಂತೇ ಕೇಳಿದಳು. ಆಮೇಲೆ ಹರಿಹರ. 1997ರವರೆಗೆ ಅದೂ ನಮ್ಮ ಜಿಲ್ಲೆಯೇ ಅಲ್ವಾ! ಅರ್ಧ ಶಿವ, ಅರ್ಧ ವಿಷ್ಣು, ಒಂದೇ ಮೂರ್ತಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ.

ನನ್ನ ಜೀವವೆಲ್ಲ ಇದ್ದದ್ದು ಬ್ರಹ್ಮಗಿರಿಯ ಪಾಠದ ಮೇಲೆ. ಅಲ್ಲಿ ಅಶೋಕನ ಶಾಸನ ಕೆತ್ತಿದ ಬಂಡೆಯೊಂದಿದೆ, ಅದೇ ಅಕ್ಷರಗುಂಡು. ಅಣ್ಣನಿಗೆ ಫೋನ್ ಮಾಡಿ, "ಮೊಳಕಾಲ್ಮೂರು ಕಡೆ ಹೋದಾಗ ಅಕ್ಷರಗುಂಡಿನ ಫೋಟೋ ಬೇಕು, ಕೊನೆ ಸಾಲು ಚೆನ್ನಾಗಿ ಕಾಣಬೇಕು" ಅಂದಿದ್ದೆ. ಪಾಪ, ಅದಕ್ಕಂತಲೇ ಹೋಗಿ ತೆಗೆದು ಕಳಿಸಿದ. ಅಶೋಕನ ಆ ಶಾಸನ ಶಾಸನಗಳ ಸಂಶೋಧಕ ಬಿ. ಎಲ್. ರೈಸ್ ಕಣ್ಣಿಗೆ ಬಿದ್ದದ್ದು 1892ರಲ್ಲಿ. ಅದು ಹೇಳುವುದು ಇಷ್ಟು: ತಂದೆತಾಯಿಯ ಮಾತು ಕೇಳು, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಗೆ ಬರೆದವನ ಹೆಸರು ಚಪಡ.

ಮಕ್ಕಳಿಗೆ ನಾನು ಅರ್ಥ ಮೊದಲೇ ಹೇಳಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಪ್ರಿಂಟ್ ಕೊಟ್ಟು, "ಅಕ್ಷರ ಎಲ್ಲಿ ಬದಲಾಗುತ್ತದೆ, ಹುಡುಕಿ" ಅಂದೆ. ತರಗತಿ ಗಪ್‌ಚಿಪ್. ಬೆರಳು ಇಟ್ಟು ಸಾಲು ಸಾಲು ನೋಡಿದರು. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಮಿಸ್, ಈ ಪದ ಬೇರೆ ಥರ ಇದೆ. ಇದನ್ನು ಬಲಗಡೆಯಿಂದ ಓದಬೇಕಾ?" ಅವನು ಮನೆಯಲ್ಲಿ ಉರ್ದು ಕಲಿಯುವವನು.

ಆ ಪದ "ಲಿಪಿಕರೇಣ". ಅಂದರೆ ಲಿಪಿಕಾರನಿಂದ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಚಪಡ, ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಬಲದಿಂದ ಎಡಕ್ಕೆ. ಪರ್ಷಿಯಾದ ಸಾಮ್ರಾಜ್ಯದಲ್ಲಿ ಸರ್ಕಾರಿ ಬರವಣಿಗೆಗೆ ಬಳಸುತ್ತಿದ್ದ ಅರಾಮಿಕ್ ಲಿಪಿಯಿಂದ ಹುಟ್ಟಿದ್ದು ಅದು. ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಅಂದರೆ ಈಗಿನ ಪಾಕಿಸ್ತಾನದ ವಾಯವ್ಯ ಭಾಗ, ಅಫ್ಘಾನಿಸ್ತಾನದ ಪೂರ್ವ ಭಾಗ. ಚಪಡನೂ ಆ ಕಡೆಯವನೇ ಇರಬೇಕು ಅನ್ನುತ್ತಾರೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ಹೊರನಾಡಿನಲ್ಲಿ ಕೂತು ಕನ್ನಡದಲ್ಲಿ ಸಹಿ ಹಾಕುವ ನನಗೆ ಅವನು ಹತ್ತಿರದ ನೆಂಟನ ಹಾಗೆ ಕಂಡ.

ಅದೇ ಲಿಪಿಯಲ್ಲಿ ಅಶೋಕನ ದೊಡ್ಡ ಶಾಸನ ಇರುವುದು ಪಾಕಿಸ್ತಾನದ ಮರ್ದಾನ್ ಹತ್ತಿರ, ಶಹಬಾಜ್‌ಗಢಿಯಲ್ಲಿ ಅಂತ ಬೋರ್ಡಿನ ಮೇಲೆ ಬರೆದೆ. ಹುಡುಗ ಬೋರ್ಡನ್ನೇ ನೋಡುತ್ತಾ ಕೂತ. "ಮಿಸ್, ನಮ್ಮ ತಾತ ಮರ್ದಾನ್‌ನವರು."

ಮರುವಾರ ತಾತನ ಸಂಬಂಧಿಕರು ಕಳಿಸಿದ ಆ ಬಂಡೆಯ ಫೋಟೋ ತಂದ. ಅಣ್ಣ ತೆಗೆದ ಫೋಟೋ ಪಕ್ಕದಲ್ಲೇ ಅವನೇ ಅದನ್ನು ಗೋಡೆಗೆ ಅಂಟಿಸಿದ. ಕೆಳಗೆ ಪೆನ್ಸಿಲ್‌ನಲ್ಲಿ, ಬಲದಿಂದ ಎಡಕ್ಕೆ, ಚಪಡನ ಪದವನ್ನು ಬರೆದ.