ರಾಜೀನಾಮೆ ಕೊಟ್ಟವರನ್ನು ಸ್ಪೀಕರ್ ಯಾಕೆ ಕಾಯಿಸುತ್ತಾರೆ?

‘ಶಾಸಕನೇ ಬೇಡ ಅಂತ ಬರೆದುಕೊಟ್ಟ ಮೇಲೆ ಒಪ್ಪದೆ ಕೂರೋಕೆ ಸ್ಪೀಕರ್ ಯಾರು?’ 2019ರಿಂದೀಚೆಗೆ ಮಂಡ್ಯ, ಮೈಸೂರು ಕಡೆ ಈ ಪ್ರಶ್ನೆ ನಿಂತೇ ಇಲ್ಲ.

1974ರವರೆಗೆ ಪತ್ರ ಕೊಟ್ಟರೆ ಸೀಟು ಖಾಲಿ, ಅಷ್ಟೇ. ಶಾಸಕರನ್ನು ಬೆದರಿಸಿ ರಾಜೀನಾಮೆ ಬರೆಸಿಕೊಳ್ಳುವುದು ಶುರುವಾದಾಗ ಸಂವಿಧಾನದ 33ನೇ ತಿದ್ದುಪಡಿ ಬಂತು: ಸ್ಪೀಕರ್ ಒಪ್ಪಿದರೇ ರಾಜೀನಾಮೆ. ಆದರೆ ಅವರು ನೋಡಬೇಕಾದ್ದು ಎರಡೇ. ಸ್ವಇಚ್ಛೆಯಿಂದ ಕೊಟ್ಟದ್ದೇ? ನಿಜವಾದದ್ದೇ? ಹಿಂದೆ ಯಾವ ಪಕ್ಷದ ಆಸೆ ಇದೆ ಎಂಬುದು ಈ ಹಂತದಲ್ಲಿ ಅವರ ಕೆಲಸವಲ್ಲ.

ತಡವಾಗುವುದು ಅದೇ ಮೇಜಿನ ಮೇಲೆ ಇನ್ನೊಂದು ಫೈಲು ಇರುವುದರಿಂದ: ಪಕ್ಷಾಂತರದ ದೂರು. ಅದನ್ನು ಸ್ಪೀಕರ್ ಎತ್ತಿಹಿಡಿದರೆ ಶಾಸಕ ಅನರ್ಹ. ಎರಡರ ಫಲ ಒಂದೇ ಅಲ್ಲ. ರಾಜೀನಾಮೆ ಅಂಗೀಕಾರವಾದವನು ಮರುದಿನವೇ ಮಂತ್ರಿಯಾಗಬಹುದು, ಸದನಕ್ಕೆ ಬರಲು ಆರು ತಿಂಗಳು ಸಮಯವಿರುತ್ತದೆ. ಅನರ್ಹನಾದವನು ಮಂತ್ರಿಯಾಗಲು ಮತ್ತೆ ಚುನಾವಣೆ ಗೆಲ್ಲಬೇಕು, ಇಲ್ಲವೇ ತನ್ನ ಶಾಸಕ ಅವಧಿ ಮುಗಿಯುವವರೆಗೆ ಕಾಯಬೇಕು. 2003ರ 91ನೇ ತಿದ್ದುಪಡಿ ಹೀಗೆ ಕಟ್ಟಿಹಾಕಿದೆ. ಜಗಳವೆಲ್ಲ ಇಲ್ಲೇ.

2019ರ ಜುಲೈನಲ್ಲಿ ಆಗಿನ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಪಕ್ಷಾಂತರಕ್ಕಾಗಿ ಅನರ್ಹಗೊಳಿಸಿದರು. ಅವರಲ್ಲಿ ಕೆ.ಆರ್. ಪೇಟೆಯ ನಾರಾಯಣಗೌಡರೂ ಇದ್ದರು, ಹುಣಸೂರಿನ ಎಚ್. ವಿಶ್ವನಾಥ್ ಅವರೂ ಇದ್ದರು. ‘ರಾಜೀನಾಮೆ ಕೊಟ್ಟಾಗಿದೆ, ಇನ್ನೆಲ್ಲಿಯ ಅನರ್ಹತೆ’ ಎಂಬ ವಾದವನ್ನು ಸುಪ್ರೀಂ ಕೋರ್ಟ್ ನವೆಂಬರ್ 13ರಂದು ತಳ್ಳಿಹಾಕಿತು: ಪಕ್ಷಾಂತರ ಮೊದಲೇ ನಡೆದಿದ್ದರೆ ಆಮೇಲಿನ ಪತ್ರ ಅದನ್ನು ಅಳಿಸದು. ಹಾಗಂತ ಸ್ಪೀಕರ್ ಪೂರ್ತಿ ಗೆಲ್ಲಲಿಲ್ಲ. 2023ರವರೆಗೆ ಚುನಾವಣೆಗೇ ನಿಲ್ಲಬಾರದು ಎಂದು ಅವರು ಹಾಕಿದ್ದ ಬೇಲಿಯನ್ನು ಕೋರ್ಟ್ ಕಿತ್ತಿತು. ಆ ಅಧಿಕಾರ ಸ್ಪೀಕರ್‌ಗಿಲ್ಲ.

ಮುಂದಿನದು ನೋಡಿ. ಡಿಸೆಂಬರ್‌ನ ಉಪಚುನಾವಣೆಯಲ್ಲಿ ನಾರಾಯಣಗೌಡರು ಗೆದ್ದರು, 2020ರ ಫೆಬ್ರವರಿಯಲ್ಲಿ ಮಂತ್ರಿಯಾದರು. ವಿಶ್ವನಾಥ್ ಸೋತರು. ನಾಮಕರಣದ ಮೂಲಕ ವಿಧಾನ ಪರಿಷತ್ತಿಗೆ ಬಂದರೂ ಅನರ್ಹತೆ ತೀರಲಿಲ್ಲ, ಮಂತ್ರಿಗಿರಿ ಸಿಗದು ಎಂದು ಹೈಕೋರ್ಟ್ ಹೇಳಿತು. ಕಾನೂನು ಕೇಳುವುದು ಚುನಾವಣೆಯಲ್ಲಿ ಆಯ್ಕೆಯಾಗಿ ಬರುವುದನ್ನು, ಬರೀ ಸದಸ್ಯನಾಗುವುದನ್ನಲ್ಲ. ಒಂದೇ ಆದೇಶ, ಅಕ್ಕಪಕ್ಕದ ಎರಡು ಜಿಲ್ಲೆ, ಎರಡು ಗತಿ!

ಎಷ್ಟು ದಿನ ಕಾಯಿಸಬಹುದು? ರಾಜೀನಾಮೆಗೆ ಸಂವಿಧಾನ ಗಡುವು ಹಾಕಿಲ್ಲ. ಇದು ದೊಡ್ಡ ಲೋಪವೇ. ಅನರ್ಹತೆಯ ದೂರಿಗೆ ಮಾತ್ರ, ವಿಶೇಷ ಕಾರಣವಿಲ್ಲದಿದ್ದರೆ ಮೂರು ತಿಂಗಳು ಎಂದು 2020ರ ಜನವರಿಯಲ್ಲಿ, ಮಣಿಪುರದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ದೂರು ಕೊಡುವವರು ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಯನ್ನು ಮರೆಯದೆ ಪಡೆದಿಟ್ಟುಕೊಳ್ಳಬೇಕು. ಮೂರು ತಿಂಗಳ ಲೆಕ್ಕಕ್ಕೆ ಬೇಕಾಗುವುದು ಅದರ ತಾರೀಖೇ.